ಕೂ ಹಾಕಿದ ಮೇಲೆ ಹಚ್ಚಿದ ಬೆಂಕಿ

ನನ್ನ ಮಗನನ್ನು ಸುಟ್ಟದ್ದು ಗಾರ್ಡ್ ಹಚ್ಚಿದ ಬೆಂಕಿ. ಗಾರ್ಡ್ ಬೇಕೆಂದು ಮಾಡಿದ್ದಲ್ಲ, ಬೇಜವಾಬ್ದಾರಿಯಿಂದ ಮಾಡಿದ್ದೂ ಅಲ್ಲ. ಅವನು ಕೇಳಿಯೇ ಹಚ್ಚಿದ್ದು. ಉತ್ತರ ಕೊಟ್ಟವನು ಬೇರೆ. ನಡೆದದ್ದು ಇಷ್ಟೇ. ಇದನ್ನು ನಾನು ಪೊಲೀಸರಿಗೆ ಹೇಳಿದೆ, ರೇಂಜರಿಗೆ ಹೇಳಿದೆ, ಪುತ್ತೂರಿಗೆ ಬಂದ ದೊಡ್ಡ ಅಧಿಕಾರಿಗೂ ಹೇಳಿದೆ. ಸೊಸೆಗೆ ಹೇಳಿ ಹೇಳಿ ಬಾಯಿ ಬತ್ತಿತು.

ನಮ್ಮ ಮನೆ ಕಡಬದಿಂದ ಒಳಗೆ, ಕಾಡಿನ ಅಂಚಿನಲ್ಲಿ. ಹಿಂದೆ ಗುಡ್ಡ, ಅದು ಸರಕಾರದ ಕಾಡು. ಎಡಗಡೆ ತಗ್ಗಿನಲ್ಲಿ ಚೇಟನ ರಬ್ಬರ್ ತೋಟ. ಚೇಟ ಎಂದರೆ ಅವನ ಹೆಸರಲ್ಲ, ಅವರ ಭಾಷೆಯಲ್ಲಿ ಅಣ್ಣ ಅಂತ. ಅವನ ಅಪ್ಪ ಕೇರಳದಿಂದ ಬಂದು ಆ ಗುಡ್ಡ ಕಡಿದು ರಬ್ಬರ್ ಇಟ್ಟವನು, ಆಗಿನಿಂದ ಆ ಮನೆಯ ಗಂಡಸರನ್ನೆಲ್ಲ ನಾವು ಚೇಟ ಅಂತಲೇ ಕರೆಯುದು. ಅವನು ನನಗೆ ಚೇಚಿ ಎನ್ನುತ್ತಾನೆ, ಅಕ್ಕ ಅಂತ. ಅವನಿಗೂ ಈಗ ತಲೆ ಪೂರ್ತಿ ಬೆಳ್ಳಗಾಗಿದೆ.

ಕಾಡಿಗೂ ನಮ್ಮ ಜಾಗಗಳಿಗೂ ನಡುವೆ ಇಲಾಖೆಯವರು ಪ್ರತಿ ವರ್ಷ ಪೊದೆ ಸವರಿ, ಎಲೆ ಸುಟ್ಟು, ಅಗಲಕ್ಕೆ ಒಂದು ಬೋಳು ದಾರಿ ಮಾಡ್ತಾರೆ. ಮೇಲಿನಿಂದ ಬೆಂಕಿ ಬಂದರೆ ಅಲ್ಲಿಗೆ ನಿಲ್ಲಬೇಕು. ಅವರ ಕಾಗದದಲ್ಲಿ ಅದು ಬೆಂಕಿ ರೇಖೆ, ನಮ್ಮ ಬಾಯಲ್ಲಿ ಲೈನು. ಸುಡುವ ಮೊದಲು ನಾವು ಹೆಂಗಸರು ಹೋಗಿ ಲೈನಿನ ತರಗೆಲೆ ಗುಡಿಸಿ ತರುದು. ನಮ್ಮ ಹಟ್ಟಿಯ ದನಗಳಿಗೆ ಹಾಸಲಿಕ್ಕೆ ಆಗ್ತದೆ, ಅವರಿಗೆ ಸುಡುವ ಕೆಲಸ ಅರ್ಧ ಆಗ್ತದೆ. ಯಾರೂ ಬೇಡ ಅನ್ನುದಿಲ್ಲ.

ನನ್ನ ಮಗ ಬೇಸಗೆಗೆ ಇಲಾಖೆಯಲ್ಲಿ ಬೆಂಕಿ ವಾಚರ್. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲಿಕ್ಕೆ ಹೋಗುದು, ಉಳಿದ ದಿನ ಕರೆದವರ ಕೆಲಸ. ಬೇಸಗೆಯ ಕೆಲಸ ಅವನಿಗೆ ಇಷ್ಟ. ಖಾಕಿ ಅಂಗಿ ಕೊಡ್ತಾರೆ, ಜೀಪಿನಲ್ಲಿ ಕೂರಿಸ್ತಾರೆ. ಖಾಯಂ ಅಲ್ಲ. ಮಳೆ ಬಿದ್ದ ದಿನ ಕೆಲಸ ಮುಗಿಯಿತು, ಅಂಗಿ ವಾಪಸು.

ಗಾರ್ಡ್ ವಿಜಾಪುರದ ಕಡೆಯವನು. ಪರೀಕ್ಷೆ ಬರೆದು ಪಾಸಾಗಿ ಬಂದವನು. ಬಂದ ಹೊಸತರಲ್ಲಿ ಇಂಬಳ ಕಚ್ಚಿ ರಕ್ತ ಹೀರಿದ ಕಾಲು ನೋಡಿ ಅತ್ತವನು. ನಮ್ಮ ಬದಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದ. ಊಟ ನಮ್ಮಲ್ಲೇ.

"ಆಯಿ, ಈ ಕೆಂಪ್ ಅನ್ನ ಎಷ್ಟ ಉಂಡ್ರೂ ಹೊಟ್ಟಿ ತುಂಬೂದಿಲ್ರಿ. ರೊಟ್ಟಿ ಬಡೀರಿ ಒಂದಿನ."

"ನಾನು ರೊಟ್ಟಿ ಬಡಿದರೆ ನೀನು ಅದನ್ನು ಹಂಚಿನ ಬದಲು ಮಾಡಿಗೆ ಹೊದೆಸಬಹುದು" ಎಂದೆ. ಅವನಿಗೆ ಮಾಡು ಎಂದರೆ ಎಂತ ಅಂತ ಗೊತ್ತಾಗಲಿಲ್ಲ. ಸೊಸೆ ಮೇಲೆ ಬೆರಳು ತೋರಿಸಿದ ಮೇಲೆ ನಕ್ಕ.

ಇಲ್ಲಿ ಒಂದು ಕ್ರಮ ಉಂಟು, ಅದನ್ನು ಹೇಳದೆ ಮುಂದಿನದ್ದು ಅರ್ಥ ಆಗುದಿಲ್ಲ. ಕಾಡಿಗೆ ಹೋದವರನ್ನು ನಾವು ಹೆಸರು ಹಿಡಿದು ಕರೆಯುದಿಲ್ಲ. ಹೆಸರು ಕೇಳಿದರೆ ಬೇರೆ ಯಾವುದೋ ಓಗೊಡ್ತದೆ ಅಂತ ಹಿಂದಿನವರು ಹೇಳ್ತಿದ್ದರು. ನನಗೆ ಅದರಲ್ಲಿ ನಂಬಿಕೆ ಇಲ್ಲ, ಆದರೆ ನಾನೂ ಕರೆಯುದಿಲ್ಲ. ಕೂ ಹಾಕುದು. ಹೊಟ್ಟೆಯಿಂದ ಉದ್ದಕ್ಕೆ ಒಂದು ಕೂ. ಕೇಳಿದವರು ತಿರುಗಿ ಕೂ ಹಾಕಬೇಕು. ಇಂಥವರೇ ಅಂತ ಇಲ್ಲ, ಕಿವಿಗೆ ಬಿದ್ದವರು ಯಾರೇ ಆಗಲಿ. ಕಾಡಿನಲ್ಲಿ ಕರೆದವನಿಗೆ ಓಗೊಡದೆ ಇರುದೆಂದರೆ ಬಾಯಾರಿ ಬಂದವನಿಗೆ ನೀರು ಇಲ್ಲ ಅಂದ ಹಾಗೆ. ದಾರಿ ತಪ್ಪಿದವನಿಗೆ ಒಂದು ದಿಕ್ಕಾದರೂ ಸಿಗಲಿ ಅಂತ.

ಗಾರ್ಡಿಗೆ ಇದನ್ನು ಕಲಿಸಿದ್ದು ನನ್ನ ಮಗನೇ, ನಮ್ಮ ಅಂಗಳದಲ್ಲಿ.

"ಕೂ ಹಾಕು ನೋಡುವ."

ಗಾರ್ಡ್ ಎದೆ ಉಬ್ಬಿಸಿ "ಹೋಯ್!" ಎಂದ.

"ಅದು ಎತ್ತು ಓಡಿಸುದು ಮಾರಾಯ."

"ನಮ್ ಕಡಿ ಹಿಂಗ ಕರೀತಾರ. ಬಯಲಾಗ ನಿಂತ್ರ ಮನಷ್ಯಾ ಕಾಣತಾನ. ಕೂಗೂದ್ಯಾಕ?"

"ಇಲ್ಲಿ ಆನೆ ಪಕ್ಕದಲ್ಲಿ ನಿಂತರೂ ಕಾಣುದಿಲ್ಲ. ಗಂಟಲಿಂದ ಅಲ್ಲ, ಹೊಟ್ಟೆಯಿಂದ ಬರಲಿ."

ಇನ್ನೊಮ್ಮೆ ಹಾಕಿದ. ಒಳಗಿನಿಂದ ಸೊಸೆ, "ನೆಟ್ಟಣದಿಂದ ಗೂಡ್ಸ್ ಗಾಡಿ ಘಾಟಿ ಹತ್ತಲಿಕ್ಕೆ ಹೊರಟ ಹಾಗೆ ಉಂಟು" ಎಂದಳು. ಅಷ್ಟರಲ್ಲಿ ಕೆಳಗಿನ ರಬ್ಬರಿನೊಳಗಿಂದ ಚೇಟನ ಕೂ ಬಂತು. ಅವನ ಕೂ ಬೇರೆ, ಕೊನೆಗೆ ಒಂದು ಬಾಲ ಇರ್ತದೆ, "ಕೂ... ವೇಯ್" ಅಂತ. ನಾವೆಲ್ಲ ನಕ್ಕೆವು. ಮಗ ಗಾರ್ಡಿನ ಬೆನ್ನಿಗೆ ಹೊಡೆದು, "ನೋಡು, ನಿನ್ನ ಗೂಡ್ಸ್ ಗಾಡಿಗೂ ಒಬ್ಬ ಓಗೊಟ್ಟ. ಪಾಸಾದೆ ನೀನು" ಎಂದ.

ಆಮೇಲೆ ಅವರಿಬ್ಬರೂ ಗುಡ್ಡದಲ್ಲಿ ಅದನ್ನೇ ಬಳಸಿದರು. ಇಲಾಖೆಯವರು ವಾಕಿಟಾಕಿ ಕೊಟ್ಟಿದ್ದರು. ಅದು ನಮ್ಮ ಕಿಟಕಿಯ ಹತ್ತಿರ ಚಾರ್ಜಿಗೆ ಕೂತೇ ಇರ್ತಿತ್ತು, ತೆಗೆದರೆ ಹಳ್ಳ ದಾಟುವಾಗ ಸಾಯ್ತಿತ್ತು. ಮೊಬೈಲಿಗೆ ಅಲ್ಲಿ ರೇಂಜ್ ಇಲ್ಲ.

ಆ ದಿನ ನಾನು ಅಂಗಳದಲ್ಲಿ ಕಾಳುಮೆಣಸು ಒಣಗಲಿಕ್ಕೆ ಹಾಕಿದ್ದೆ. ರಬ್ಬರಿನ ಎಲೆ ಪೂರ್ತಿ ಉದುರಿದ ಸಮಯ. ನೆಲದಲ್ಲಿ ಒಣ ಎಲೆ, ಮೇಲೆ ಬೋಳು ಕೊಂಬೆ. ಗುಡ್ಡದ ತಲೆಯಲ್ಲಿ ಹೊಗೆ ಎದ್ದದ್ದನ್ನು ಮೊದಲು ನೋಡಿದ್ದು ಸೊಸೆ. ಬೆಂಕಿ ಹಾಕಿದ್ದು ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಬೇಟೆಯವರು ಎಂದರು, ಬೀಡಿ ಎಂದರು. ಯಾರೂ ಒಪ್ಪಿಕೊಳ್ಳಲಿಲ್ಲ, ಯಾರನ್ನೂ ಹುಡುಕಲಿಲ್ಲ. ಕಾಡಿಗೆ ಬೆಂಕಿ ಹಾಕಿದವನ ಮೇಲೆ ಕೇಸು ಇಲ್ಲ, ಆರಿಸಲಿಕ್ಕೆ ಹೋದವನ ಮೇಲೆ ಉಂಟು.

ಗಾರ್ಡ್ ಮತ್ತು ವಾಚರುಗಳು ಬಂದರು. ನಮ್ಮ ಅಂಗಳದಲ್ಲೇ ನಿಂತು ಮಾತಾಡಿದ್ದು, ನಾನು ಕೇಳಿದ್ದೇನೆ. ಗಾಳಿ ಕೆಳಮುಖಕ್ಕೆ ತಳ್ಳುತ್ತಿತ್ತು. ಸೊಪ್ಪಿನ ಕೊಂಬೆಯಲ್ಲಿ ಬಡಿದು ಆರುವ ಬೆಂಕಿ ಅದಲ್ಲ. ಲೈನಿನ ಅಂಚಿನಿಂದ ಎದುರು ಬೆಂಕಿ ಕೊಡಬೇಕು, ಅಂದರೆ ಬರುವ ಬೆಂಕಿಗೆ ತಿನ್ನಲಿಕ್ಕೆ ಎಂತದೂ ಉಳಿಯದ ಹಾಗೆ ನಾವೇ ಮೊದಲು ಸುಟ್ಟು ಬಿಡುದು. ಅದಕ್ಕೆ ಮೇಲಿನ ಬೆಂಕಿ ಎಷ್ಟು ಹತ್ತಿರ ಬಂದಿದೆ ಅಂತ ಯಾರಾದರೂ ನೋಡಿ ಬರಬೇಕಿತ್ತು.

"ನಾನು ಪಾದೆಯವರೆಗೆ ಹೋಗಿ ನೋಡ್ತೇನೆ" ಎಂದ ನನ್ನ ಮಗ. ಪಾದೆ ಎಂದರೆ ಗುಡ್ಡದ ಮಧ್ಯದ ಬೋಳು ಬಂಡೆ.

"ಹೋಗಿ ಲಗೂನ ಇಳದ್ ಬಾ" ಎಂದ ಗಾರ್ಡ್. "ನಾ ಲೈನ್ಯಾಗ ನಿಂತು ಕೂ ಹಾಕ್ತೀನಿ. ಲೈನ್ ದಾಟಿ ಕೆಳಗ ಬಂದಿದ್ರ ಅಷ್ಟ ಓಗೊಡು. ಬಂದಿಲ್ಲಾ ಅಂದ್ರ ಸುಮ್ಕಿರು, ನಾ ಹಚ್ಚೂದಿಲ್ಲ."

"ಆಯ್ತು ಧಣಿ" ಎಂದು ಮಗ ತಮಾಷೆಗೆ ಕೈ ಮುಗಿದ. ಹೋದ.

ಹೊಗೆ ಇಳಿದು ಅಂಗಳಕ್ಕೆ ಬಂತು. ಮೆಣಸಿನ ಮೇಲೆ ಬೂದಿ ಬೀಳಲಿಕ್ಕೆ ಶುರುವಾಯಿತು. ಸೊಸೆ ಹಿತ್ತಿಲಿಗೆ ಹೋಗಿ ಪಂಪ್ ಚಾಲು ಮಾಡಿ ಪೈಪಿನಲ್ಲಿ ಹಟ್ಟಿಯ ಮಾಡಿಗೆ ನೀರು ಬಿಡುತ್ತಿದ್ದಳು. ಆ ಪಂಪಿನ ಗಲಾಟೆಯಲ್ಲಿ ಕಿವಿಯ ಹತ್ತಿರ ಬಂದು ಕೂಗಿದರೂ ಕೇಳುದಿಲ್ಲ. ನಾನು ಅಂಗಳದಲ್ಲಿದ್ದೆ.

ಲೈನಿನಿಂದ ಗಾರ್ಡಿನ ಕೂ ಬಂತು. ಗೂಡ್ಸ್ ಗಾಡಿ. ಸ್ವಲ್ಪ ಹೊತ್ತಿಗೆ ಓಗೊಟ್ಟರು. ಎಡಗಡೆ ತಗ್ಗಿನಿಂದ, ಕೊನೆಗೆ ಬಾಲ ಇಟ್ಟು. ಚೇಟ ಎಂದು ನನಗೆ ಗೊತ್ತಾಯಿತು. ಅವನು ತೋಟದಲ್ಲಿ ಎಲೆ ಎಳೆದು ದಾರಿ ಮಾಡುತ್ತಿದ್ದಿರಬೇಕು, ಕೂ ಕೇಳಿತು, ಓಗೊಟ್ಟ. ದಿನಕ್ಕೆ ಎಷ್ಟೋ ಕೂ ಕೇಳ್ತದೆ, ಎಷ್ಟೋ ಜನ ಓಗೊಡ್ತಾರೆ. ನಾನು ಮೆಣಸಿನ ಚಾಪೆ ಮಡಚುತ್ತಿದ್ದೆ.

ಆಮೇಲೆ ಲೈನಿನಲ್ಲಿ ಬೆಂಕಿ ಎದ್ದಿತು. ಎದುರು ಬೆಂಕಿ ಸರಿಯಾಗಿಯೇ ಹೋಯಿತು. ಮೇಲಿನದ್ದನ್ನು ತಡೆಯಿತು. ನಮ್ಮ ಮನೆ ಉಳಿಯಿತು, ಚೇಟನ ರಬ್ಬರ್ ಉಳಿಯಿತು. ಎರಡು ಬೆಂಕಿಯ ನಡುವೆ ಓಟೆಯ ಹಿಂಡಲಿನಲ್ಲಿ ನನ್ನ ಮಗ ಇದ್ದ. ಓಟೆ ಬಿದಿರು ಸುಡುವಾಗ ಪಟಾಕಿಯ ಹಾಗೆ ಒಡೆಯುತ್ತದೆ. ಅವನಿಗೆ ಕೂ ಕೇಳಿಯೇ ಇರಲಿಕ್ಕಿಲ್ಲ.

ಕಂಬಳಿಯಲ್ಲಿ ತಂದರು. ಇಲಾಖೆಯ ಜೀಪಿನಲ್ಲೇ ಪುತ್ತೂರಿಗೆ ತೆಗೆದುಕೊಂಡು ಹೋದರು. ಸೊಸೆ ಜೀಪಿನಲ್ಲಿ ಹೋದಳು. ಮೊಮ್ಮಗಳು ಅಂಗನವಾಡಿಯಿಂದ ಬರುವ ಹೊತ್ತಾಗಿತ್ತು, ನಾನು ಮನೆಯಲ್ಲಿ ಉಳಿದೆ. ಚಾಪೆ ಪುನಃ ಬಿಚ್ಚಿ, ಮೆಣಸನ್ನು ಗೆರಸೆಗೆ ಹಾಕಿ ಕೇರಿ, ಬೂದಿ ಹಾರಿಸಿ, ಗೋಣಿಗೆ ತುಂಬಿಸಿದೆ. ನೆರೆಯ ಹೆಂಗಸರು ಬಂದವರು ಬಾಗಿಲಲ್ಲೇ ನಿಂತರು. ಮಗನ ಹೆಣ ಪುತ್ತೂರಲ್ಲಿ, ಇವಳು ಮೆಣಸು ಕೇರ್ತಾಳೆ ಎಂದು ಆಮೇಲೆ ಅಂದರಂತೆ. ಕೇರಬೇಕಿತ್ತು, ಕೇರಿದೆ. ಕೂತು ಜೋಮು ಹಿಡಿದ ಕಾಲನ್ನು ಚಿವುಟಿದರೂ ಗೊತ್ತಾಗುದಿಲ್ಲ ನೋಡಿ, ನನಗೆ ಮೈಯೆಲ್ಲ ಹಾಗೆ ಆಗಿತ್ತು. ಅದು ಬಿಟ್ಟಿದೆಯಾ ಅಂತ ಈಗಲೂ ನನಗೆ ಸರಿಯಾಗಿ ಹೇಳಲಿಕ್ಕೆ ಬರುದಿಲ್ಲ.

ದಫನ ಆದ ಮರುದಿನ ಗಾರ್ಡ್ ಬಂದು ಮೆಟ್ಟಿಲಲ್ಲಿ ಕೂತ. ಹುಬ್ಬು ಸುಟ್ಟು ಹೋಗಿತ್ತು.

"ಆಯಿ, ನಾ ಕೂ ಹಾಕಿದ್ನಿ ಆಯಿ. ಓಗೊಟ್ರು."

"ಕೇಳಿದ್ದೇನೆ."

"ಅಂವ ಇಳದ್ ಬಂದ ಅಂತ ತಿಳದ್ನಿ." ಮತ್ತೆ ನನ್ನ ಮುಖ ನೋಡಿದ. "ಓಗೊಟ್ಟಿದ್ದು ಅಂವಾ ಅಲ್ಲೇನ್ರಿ?"

"ಅಲ್ಲ."

ಅವನು ತಲೆ ಮೊಣಕಾಲಿಗೆ ಇಟ್ಟ. ಸಮಾಧಾನ ಮಾಡಲಿಕ್ಕೆ ನನಗೆ ಬರುದಿಲ್ಲ. ಊಟ ಮಾಡು ಎಂದೆ. ಸೊಸೆ ಒಳಗಿನಿಂದ ಬಂದು, ನಾನು ಬಡಿಸಿದ ಬಟ್ಟಲನ್ನು ಅವನ ಎದುರಿನಿಂದ ಎತ್ತಿ ನಾಯಿಗೆ ಹಾಕಿದಳು.

"ನೀನು ಕೂ ಹಾಕಲೇ ಇಲ್ಲ" ಎಂದಳು. "ನಾನು ಹಿತ್ತಿಲಲ್ಲೇ ಇದ್ದೆ. ನನಗೆ ಒಂದು ಶಬ್ದ ಕೇಳಲಿಲ್ಲ."

"ಪಂಪ್ ಚಾಲು ಇತ್ತಲ್ಲ" ಎಂದೆ ನಾನು.

"ಪಂಪ್ ಎಂತದು? ಅವನು ಹಚ್ಚುವ ಗಡಿಬಿಡಿಯಲ್ಲಿ ಹಚ್ಚಿದ್ದು. ಅತ್ತೆ, ನೀವು ಅವನ ಪರ ಮಾತಾಡ್ತೀರಾ?"

"ನಾನು ಯಾರ ಪರವೂ ಇಲ್ಲ. ಕೇಳಿದ್ದನ್ನು ಹೇಳಿದೆ."

ಸೊಸೆಯ ದೂರಿನ ಮೇಲೆ ಗಾರ್ಡಿನ ಮೇಲೆ ಕೇಸಾಯಿತು, ನಿರ್ಲಕ್ಷ್ಯದಿಂದ ಸಾವಿಗೆ ಕಾರಣ ಅಂತ. ಇಲಾಖೆಯವರು ಅವನನ್ನು ಸಸ್ಪೆಂಡ್ ಮಾಡಿದರು. ಕೋಣೆ ಖಾಲಿ ಮಾಡಿ ಊರಿಗೆ ಹೋದ. ಮದುವೆ ನಿಶ್ಚಯ ಆಗಿತ್ತು, ಅದು ತಪ್ಪಿತು ಎಂದು ಆಮೇಲೆ ಕೇಳಿದೆ. ಜೈಲಾದರೆ ಕೆಲಸ ಪೂರ್ತಿ ಹೋಗ್ತದೆ.

ರೇಂಜರ್ ಮನೆಗೆ ಬಂದರು. ಒಳ್ಳೆಯ ಮಾತಿನ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದು ಚಾಪೆಯಲ್ಲೇ ಕೂತರು.

"ಅಮ್ಮ, ಅವನು ಯಾರೂ ಹೇಳದೆ ತಾನಾಗಿ ಮೇಲೆ ಹೋದ ಅಂತ ಆದರೆ ಯಾರಿಗೂ ತೊಂದರೆ ಇರುದಿಲ್ಲ."

"ಸತ್ತವನಿಗೆ ತೊಂದರೆ ಇರುದಿಲ್ಲ, ಸರಿ."

"ಹಾಗಲ್ಲ. ಸ್ವಲ್ಪ ಕುಡೀತಿದ್ದನಾ?"

"ಹಬ್ಬಕ್ಕೆ ಕುಡೀತಿದ್ದ. ಆ ದಿನ ಹಬ್ಬ ಇರಲಿಲ್ಲ."

ಅವರೇ ಹೇಳಿದ್ದು, ಸರಕಾರಿ ಕೆಲಸದಲ್ಲಿ ಇರುವವನನ್ನು ಕೆಲಸ ಮಾಡುವಾಗ ಆದ ತಪ್ಪಿಗೆ ಕೋರ್ಟಿಗೆ ಎಳೆಯಬೇಕಾದರೆ ಸರಕಾರದ ಒಪ್ಪಿಗೆ ಬೇಕಂತೆ. ಒಳ್ಳೆ ಮನಸ್ಸಿನಿಂದ, ಜಾಗ್ರತೆ ಮಾಡಿ ಮಾಡಿದ್ದಾದರೆ ಒಪ್ಪಿಗೆ ಕೊಡುದಿಲ್ಲ. ಜಾಗ್ರತೆ ಮಾಡಲಿಲ್ಲ ಎಂದಾದರೆ ಕೊಡ್ತಾರೆ. ಅದನ್ನು ನೋಡಲಿಕ್ಕೆ ದೊಡ್ಡ ಅಧಿಕಾರಿ ಬರ್ತಾರೆ, ನಿಮ್ಮನ್ನೂ ಕರೆಯುತ್ತಾರೆ ಎಂದರು.

"ನನ್ನ ಮಗನಿಗೂ ಹಾಗೊಂದು ಕಾನೂನು ಉಂಟಾ?" ಎಂದು ಕೇಳಿದೆ.

"ಅವನು ಖಾಯಂ ಅಲ್ಲ ಅಮ್ಮ" ಎಂದರು. ಮುಖ ಸಣ್ಣ ಮಾಡಿಕೊಂಡೇ ಹೇಳಿದರು. ಅಂಗಿ ಸುಟ್ಟು ಹೋಗಿತ್ತು, ಅದನ್ನು ವಾಪಸು ಕೇಳಲಿಲ್ಲ.

ಅಂದರೆ ಎಲ್ಲ ನನ್ನ ಮಾತಿನ ಮೇಲೆ ನಿಂತಿತು. ಗಾರ್ಡ್ ಕೂ ಹಾಕಿದ್ದನ್ನೂ ಬೇರೆಯವನು ಓಗೊಟ್ಟದ್ದನ್ನೂ ಕೇಳಿದವಳು ನಾನೊಬ್ಬಳೇ. ಉಳಿದ ವಾಚರುಗಳು ಲೈನಿನ ಆ ತುದಿಯಲ್ಲಿ ಹೊಗೆಯಲ್ಲಿದ್ದರು, ಅವರಿಗೆ ಸರಿಯಾಗಿ ಗೊತ್ತಿಲ್ಲ. ಇನ್ನು ಗೊತ್ತಿರುವವನು ಚೇಟ.

ನಾನು ತೋಟಕ್ಕೆ ಇಳಿದು ಹೋದೆ. ಅವನು ರಬ್ಬರ್ ಶೀಟ್ ಒಣಗಲಿಕ್ಕೆ ಹಾಕುತ್ತಿದ್ದ.

"ಓಗೊಟ್ಟದ್ದು ನೀನು" ಎಂದೆ.

ಶೀಟ್ ಕೈಯಲ್ಲೇ ಉಳಿಯಿತು. "ಚೇಚಿ, ಕೂ ಕೇಳಿದರೆ ನಾನು ಸುಮ್ಮನೆ ಇರುದಾ? ಯಾರೋ ಬೆಂಕಿಯಲ್ಲಿ ಸಿಕ್ಕಿಬಿದ್ದಿದ್ದಾರೆ ಅಂತ ಮಾಡಿದೆ. ಈ ಕಡೆ ಬನ್ನಿ ಅಂತ ಓಗೊಟ್ಟದ್ದು."

"ನಾನು ತಪ್ಪು ಎಂದು ಹೇಳಲಿಲ್ಲ."

"ನನ್ನ ಮಕ್ಕಳು ಬಾಯಿ ಮುಚ್ಚಿ ಕೂತುಕೊಳ್ಳಿ ಅಂತಾರೆ. ನನ್ನ ಮೇಲೆ ಕೇಸು ಬಂದರೆ ಎಂತ ಮಾಡುದು ಚೇಚಿ? ಗಾರ್ಡಿನದ್ದಾದರೆ ಸರಕಾರ ಒಪ್ಪಿಗೆ ಕೊಡದೆ ಇರಬಹುದು, ನನಗೆ ಹಾಗೆ ಅಡ್ಡ ನಿಲ್ಲಲಿಕ್ಕೆ ಯಾರೂ ಇಲ್ಲ. ನೇರ ಹಿಡ್ಕೊಂಡು ಹೋಗ್ತಾರೆ."

"ನನಗೆ ಕೇಳಿದ್ದನ್ನು ನಾನು ಹೇಳ್ತೇನೆ. ನೀನು ಹೇಳುದು ಬಿಡುದು ನಿನಗೆ ಬಿಟ್ಟದ್ದು."

ಆಮೇಲೆ ಅವನು ನಮ್ಮ ಅಂಗಳದ ದಾರಿಯಾಗಿ ಹೋಗುದನ್ನು ಬಿಟ್ಟ. ಸುತ್ತು ಹಾಕಿ ಹೋಗ್ತಿದ್ದ.

ವಿಚಾರಣೆಗೆ ಕರೆ ಬಂದದ್ದು ವರ್ಷ ತಿರುಗುವ ಹೊತ್ತಿಗೆ, ಸೊಸೆಗೂ ನನ್ನ ಜೊತೆಗೇ. ಅವಳ ತವರು ಅಜ್ಜಾವರದಲ್ಲಿ. ಅಲ್ಲಿಂದ ಫೋನು ಬರುತ್ತಲೇ ಇತ್ತು, ಮಗುವನ್ನು ಕರೆದುಕೊಂಡು ಬಾ, ಅಲ್ಲಿ ಯಾಕೆ ಇರುದು ಅಂತ. ಅವಳು ಹೋಗಿರಲಿಲ್ಲ. ಹಟ್ಟಿಯ ಕೆಲಸ, ತೋಟದ ಕೆಲಸ ನಾವಿಬ್ಬರೇ ಹಂಚಿಕೊಂಡು ಮಾಡ್ತಿದ್ದೆವು. ಮಾತು ಕಡಿಮೆ. ಆದರೂ ಬಸ್ಸು ಹತ್ತುವ ಮೊದಲು ನನ್ನ ಸೆರಗಿಗೆ ಪಿನ್ನು ಹಾಕಿ ಕೊಟ್ಟಳು.

"ಅತ್ತೆ, ನಾನು ಈಗಲೇ ಹೇಳಿ ಬಿಡ್ತೇನೆ. ಅಲ್ಲಿ ನೀವು ಅವನು ಕೂ ಹಾಕಿದ ಅಂತ ಹೇಳಿದರೆ ನಾನು ಈ ಮನೆಯಲ್ಲಿ ನಿಲ್ಲುದಿಲ್ಲ. ಬಾಡಿಗೆಯವನು ಮಗನಿಗಿಂತ ಹೆಚ್ಚಾ ನಿಮಗೆ?"

"ಅವನು ಹಾಕಿದ" ಎಂದೆ.

"ಹಾಗಾದರೆ ಆಯ್ತು."

ಪುತ್ತೂರಿನಲ್ಲಿ ಒಂದು ಸರಕಾರಿ ಬಂಗಲೆಯಲ್ಲಿ ವಿಚಾರಣೆ. ಒಂದು ಕಡೆ ಬೆಂಚಿನಲ್ಲಿ ಗಾರ್ಡ್, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಸೊರಗಿ ಹೋಗಿದ್ದ. ಚೇಟನೂ ಬಂದಿದ್ದ, ಅವನನ್ನು ಪಕ್ಕದ ಜಾಗದವನು ಅಂತ ಕರೆದಿದ್ದರು. ಅಧಿಕಾರಿ ಕನ್ನಡಕ ಹಾಕಿದ ಸಣ್ಣ ಮನುಷ್ಯ, ಬೆಂಗಳೂರಿನಿಂದ ಬಂದವರು. ನನಗೆ ಕುರ್ಚಿ ಕೊಟ್ಟರು.

"ಬೆಂಕಿ ಹಚ್ಚುವ ಮೊದಲು ಇವರು ಎಚ್ಚರಿಕೆ ಕೊಟ್ಟದ್ದನ್ನು ನೀವು ಕೇಳಿದಿರಾ?"

"ಕೂ ಹಾಕಿದ. ಕೇಳಿದೆ."

"ಕೂ ಅಂದರೆ?"

"ಹಾಕಿ ತೋರಿಸಬೇಕಾ?"

ಟೈಪ್ ಮಾಡುವ ಹುಡುಗಿ ನಗು ತಡೆದುಕೊಂಡಳು. "ಬೇಡ, ಬೇಡ" ಎಂದರು ಅವರು. "ನಿಯಮದಲ್ಲಿ ಕೂ ಅಂತ ಇಲ್ಲವಲ್ಲ ಅಮ್ಮ. ಪ್ರತಿಯೊಬ್ಬರನ್ನೂ ಕಣ್ಣಾರೆ ನೋಡಿ, ತಲೆ ಎಣಿಸಿ ಆಮೇಲೆ ಹಚ್ಚಬೇಕು ಅಂತ ಇದೆ. ವಾಕಿಟಾಕಿ ಕೊಟ್ಟಿದ್ದರು."

"ವಾಕಿಟಾಕಿ ನಮ್ಮ ಮನೆಯ ಕಿಟಕಿಯಲ್ಲಿ ಇತ್ತು. ಅದಕ್ಕೆ ಜೀವ ಇರಲಿಲ್ಲ. ಬೆಂಕಿ ಲೈನಿನ ಹತ್ತಿರ ಬಂದಿತ್ತು ಸಾರ್. ಕೆಳಗೆ ನಾವಿದ್ದೆವು. ತಲೆ ಎಣಿಸುತ್ತಾ ನಿಂತಿದ್ದರೆ ನಮ್ಮ ತಲೆ ಎಣಿಸಲಿಕ್ಕೆ ನೀವು ಬರಬೇಕಿತ್ತು. ಆಗ ಯಾಕೆ ಹಚ್ಚಲಿಲ್ಲ ಅಂತ ಇವನ ಮೇಲೆ ಕೇಸು ಆಗ್ತಿತ್ತು."

ಅವರು ಕನ್ನಡಕ ತೆಗೆದು ಒರೆಸಿದರು.

"ಉತ್ತರ ಕೊಟ್ಟದ್ದು ನಿಮ್ಮ ಮಗ ಅಲ್ಲ ಎಂದು ಹೇಗೆ ಹೇಳ್ತೀರಿ?"

"ನಿಮ್ಮ ಮಗ ಬಾಗಿಲು ಬಡಿದರೆ ನಿಮಗೆ ಗೊತ್ತಾಗುದಿಲ್ಲವಾ?"

"ನಿಮಗೆ ಗೊತ್ತಾದದ್ದು ಇವರಿಗೆ ಯಾಕೆ ಗೊತ್ತಾಗಲಿಲ್ಲ? ಜೊತೆಯಲ್ಲೇ ಕೆಲಸ ಮಾಡ್ತಿದ್ದವರು."

ಇದು ಒಳ್ಳೆಯ ಪ್ರಶ್ನೆ. ನಾನೂ ಎಷ್ಟೋ ಸಲ ಕೇಳಿಕೊಂಡದ್ದು. ನಮ್ಮವನಾಗಿದ್ದರೆ ಬಾಲ ಕೇಳಿದ ಕೂಡಲೇ ಚೇಟ ಎಂದು ತಿಳಿದು ಇನ್ನೊಮ್ಮೆ ಹಾಕ್ತಿದ್ದ.

"ಅವನು ಹೊರಗಿನವನು. ನಾನು ಹೆತ್ತವಳು" ಎಂದೆ. "ಅದು ತಪ್ಪಾ ಅಲ್ಲವಾ ಅಂತ ನೀವೇ ನೋಡಿ. ನನ್ನ ಮಗ ಸತ್ತಿದ್ದಾನೆ, ಅದರಲ್ಲಿ ಬದಲು ಎಂತ ಇಲ್ಲ."

"ಹಾಗಾದರೆ ಓಗೊಟ್ಟದ್ದು ಯಾರು?"

"ಪಕ್ಕದ ಚೇಟ. ಅಲ್ಲಿ ಕೂತಿದ್ದಾನೆ."

ಚೇಟನನ್ನು ಕರೆದರು. ಅವನು ನನ್ನ ಕಡೆ ನೋಡದೆ, ನಾನು ಆ ದಿನ ಮನೆಯಲ್ಲೇ ಇರಲಿಲ್ಲ, ನೆಲ್ಯಾಡಿಗೆ ಹೋಗಿದ್ದೆ ಎಂದ. ಕೂ ಹಾಕುವ ಅಭ್ಯಾಸ ನನಗೆ ಇಲ್ಲ ಎಂದೂ ಸೇರಿಸಿದ. ಕೇಳದ್ದಕ್ಕೂ ಉತ್ತರ ಕೊಟ್ಟ. ಗಾರ್ಡ್ ಒಮ್ಮೆ ಎದ್ದು ನಿಂತ, ಪುನಃ ಕೂತ.

ನನ್ನ ಹೇಳಿಕೆಯನ್ನು ಓದಿ ಹೇಳಿ, ನನ್ನ ಸಹಿ ತೆಗೆದುಕೊಂಡರು. ಎಂತ ತೀರ್ಮಾನ ಬರ್ತದೆ ಎಂದು ಅಧಿಕಾರಿ ಹೇಳಲಿಲ್ಲ. ಹೊರಗೆ ಗಾರ್ಡ್ ಬಂದು ಕಾಲು ಮುಟ್ಟಲಿಕ್ಕೆ ಬಗ್ಗಿದ. ನಾನು ಹಿಂದೆ ಸರಿದೆ. "ನಿನಗಾಗಿ ಹೇಳಿದ್ದಲ್ಲ. ಬಸ್ಸಿಗೆ ಹೊತ್ತಾಯಿತು, ಹೋಗು" ಎಂದೆ.

ಬಸ್ಸಿನಲ್ಲಿ ಸೊಸೆ ಬೇರೆ ಸೀಟಿನಲ್ಲಿ ಕೂತಳು. ಮನೆಗೆ ಬಂದು ಮಗುವಿನ ಬಟ್ಟೆ ಚೀಲಕ್ಕೆ ತುಂಬಿಸಿದಳು.

"ಚೇಟ ಊರಿನಲ್ಲೇ ಇರಲಿಲ್ಲ ಎಂದನಲ್ಲ, ಅವನು ಸುಳ್ಳು ಹೇಳಿ ಅವನಿಗೆ ಎಂತ ಸಿಗ್ತದೆ?" ಎಂದಳು. "ಸುಳ್ಳು ಹೇಳಿದ್ದು ನೀವು. ಸತ್ತವನ ತಾಯಿ ಹೇಳಿದರೆ ನಂಬ್ತಾರೆ ಅಂತ ಹೇಳಿದ್ದು. ಬೆಳಗ್ಗಿನ ಬಸ್ಸಿಗೆ ನಾವು ಹೋಗ್ತೇವೆ."

ನಾನು ಹೇಳುದನ್ನೆಲ್ಲ ಹೇಳಿ ಆಗಿತ್ತು.

ಬೆಳಿಗ್ಗೆ ಎದ್ದು ಹಾಲು ಕರೆದೆ. ಕಡ್ಡಿಪೊರಕೆ, ಎಲೆ ಕಟ್ಟುವ ಹಳೆಯ ಸೀರೆ ತೆಗೆದುಕೊಂಡು ಲೈನಿಗೆ ಹತ್ತಿದೆ. ಹಟ್ಟಿಗೆ ಎಲೆ ಮುಗಿದಿತ್ತು. ರಬ್ಬರ್ ಪುನಃ ಬೋಳಾಗಿತ್ತು, ಮೇಲಿನಿಂದ ಚೇಟನ ಮನೆಯ ಹೊಗೆ ಕಾಣುತ್ತಿತ್ತು, ನಮ್ಮ ಅಂಗಳವೂ. ಸೊಸೆ ಮಗುವಿನ ತಲೆ ಬಾಚುತ್ತಿದ್ದಳು. ಚೀಲ ಜಗಲಿಯಲ್ಲಿತ್ತು. ಪಂಪ್ ಚಾಲು ಇರಲಿಲ್ಲ.

ಗಾರ್ಡ್ ನಿಂತಿದ್ದ ಜಾಗ ನನಗೆ ಗೊತ್ತು. ಅಲ್ಲಿ ನಿಂತು ಒಂದು ಕೂ ಹಾಕಿದೆ. ನನ್ನ ಕೂ ಈಗ ದೊಡ್ಡದಿಲ್ಲ, ಆದರೆ ಎಲೆ ಇಲ್ಲದ ಕಾಲದಲ್ಲಿ ಅಷ್ಟು ಸಾಕು.

ತಗ್ಗಿನಿಂದ ಬಂತು. "ಕೂ... ವೇಯ್."

ಸೊಸೆಯ ಕೈ ನಿಂತಿತು. ಅವಳು ರಬ್ಬರಿನ ಕಡೆ ನೋಡಿದಳು.

ಓಗೊಟ್ಟವನಿಗೆ ತಿರುಗಿ ಒಂದು ಕೂ ಹಾಕುದು ಕ್ರಮ, ಎಂತದೂ ತೊಂದರೆ ಇಲ್ಲ ಅಂತ ತಿಳಿಯಲಿಕ್ಕೆ. ನಾನು ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಅವನದ್ದು 'ಎಂತಾಯಿತು?' ಎಂದು ಕೇಳುವ ಹಾಗೆ ಇನ್ನೊಮ್ಮೆ ಬಂತು. ಅರ್ಧದಲ್ಲೇ ನಿಂತಿತು. ಬಾಲ ಬರಲಿಲ್ಲ. ಯಾರು, ಎಲ್ಲಿ ನಿಂತು ಕರೆದದ್ದು ಎಂದು ಅವನಿಗೆ ಆಗ ಗೊತ್ತಾಗಿರಬೇಕು.

ನಾನು ಎಲೆ ಗುಡಿಸಿದೆ, ಸೀರೆಯಲ್ಲಿ ಕಟ್ಟಿದೆ, ತಲೆಯ ಮೇಲೆ ಇಟ್ಟುಕೊಂಡು ಇಳಿದೆ. ಬಸ್ಸು ಆಗಲೇ ಹೋಗಿತ್ತು, ಅದರ ಹಾರ್ನ್ ಲೈನಿನಲ್ಲಿದ್ದಾಗಲೇ ಕೇಳಿತ್ತು. ಸೊಸೆ ಮೂರು ಬಟ್ಟಲಿಗೆ ಗಂಜಿ ಬಡಿಸುತ್ತಿದ್ದಳು. ನನ್ನ ಮುಖ ನೋಡಲಿಲ್ಲ. ನಾನು ಎಲೆಯನ್ನು ಹಟ್ಟಿಗೆ ಹಾಕಿ, ದನದ ಕಾಲಡಿಗೆ ಸಮ ಮಾಡಿ ಹರಡಿ, ಕೈ ತೊಳೆದು ಉಣ್ಣಲಿಕ್ಕೆ ಕೂತೆ.